ಅವರ ಸಂಗಡ ನಿಲ್ಲಿ

ಹಬ್ಬುವಾಡದ ಬಾಡಿಗೆ ಕೋಣೆಯಲ್ಲಿ, ಅರ್ಧ ಪಾದರಸ ಹೋದ ಕನ್ನಡಿಯ ಮುಂದೆ ನಿಂತು ಗೋದಾವರಿ ನಾಲ್ಕನೆಯ ಬಿಲ್ಲೆಯನ್ನೂ ಸೆರಗಿಗೆ ಚುಚ್ಚಿಕೊಂಡಳು. ನೀಲಿ ಪಟ್ಟಿಯದು ಶಿಕ್ಷಕರ ಬಳಗದ ಕಾರವಾರ ಶಾಖೆಯದು, ಹಳದಿ ಅಂಕೋಲಾ ಶಾಖೆಯದು, ಕೆಂಪು ನಾಟಕ ವಿಭಾಗದ್ದು, ಗುಲಾಬಿ ಮಹಿಳಾ ವಿಭಾಗದ್ದು. ನಾಲ್ಕೂ ಒಟ್ಟಿಗೆ ಕಂಡಾಗ ತನಗೇ ನಗು ಬಂತು, ಬಂದ ನಗು ತುಟಿ ದಾಟುವ ಮೊದಲೇ ಸಿಟ್ಟೂ ಬಂತು. ಹಚ್ಚಿಕೊಂಡರೆ ಏನಾಯಿತಂತೆ? ನಾಲ್ಕೂ ಕಡೆ ಕತ್ತೆಯ ಹಾಗೆ ದುಡಿದವಳು ತಾನಲ್ಲದೆ ಮತ್ಯಾರು? ಕಾರವಾರ ಶಾಖೆಯ ಸಭೆಗೆ ಚಾಪೆ ಹಾಸಿದ್ದು, ಅಂಕೋಲಾ ಶಾಖೆಯವರು ಊರಿನವಳೆಂದು ಹೇಳಿ ಕಳಿಸಿದಾಗಲೆಲ್ಲ ಬಸ್ಸು ಹತ್ತಿ ಓಡಿದ್ದು, ನಾಟಕದವರಿಗೆ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಟ್ಟಿದ್ದು, ಮಹಿಳಾ ವಿಭಾಗದ ಹಳದಿ-ಕುಂಕುಮಕ್ಕೆ ಪ್ರತಿವರ್ಷ ಎಳ್ಳು ಹುರಿದು ಕೈ ಸುಟ್ಟುಕೊಂಡಿದ್ದು. ಹಾಗಂತ ಯಾರೂ ಇವತ್ತು ಅವಳನ್ನು ಕೇಳಿರಲಿಲ್ಲ. ಕೇಳದವರಿಗೆ ಉತ್ತರ ಕೊಡುತ್ತ ಅವಳು ಕುಂಕುಮದ ಡಬ್ಬಿ ತೆಗೆದು ಹಣೆಗೆ ದಿನಕ್ಕಿಂತ ತುಸು ದೊಡ್ಡದಾಗಿಯೇ ಇಟ್ಟುಕೊಂಡಳು. ಆಮೇಲೆ ಬಾಗಿಲಿಗೆ ಬೀಗ ಹಾಕಿದಳು.

ಕರಾವಳಿ ಶಿಕ್ಷಕರ ಬಳಗಕ್ಕೆ ಇಪ್ಪತ್ತೈದು ತುಂಬಿತ್ತು. ಅಂಕೋಲೆಯ ಹೈಸ್ಕೂಲಿನ ಬಯಲಿನಲ್ಲಿ ಬೆಳ್ಳಿ ಹಬ್ಬ. ನೂರಾರು ಮಾಸ್ತರುಗಳು, ಅಕ್ಕೋರುಗಳು. ನೆನಪಿನ ಸಂಚಿಕೆಗೆ ಒಂದೊಂದು ಗುಂಪಿನದೂ ಒಂದೊಂದು ಫೋಟೋ ತೆಗೆಯುವುದೆಂದು ತಿಂಗಳ ಹಿಂದೆಯೇ ಠರಾವಾಗಿತ್ತು. ಅವತ್ತಿನಿಂದ ಅವಳ ತಲೆಯಲ್ಲಿ ಆ ಫೋಟೋ ಹೊಕ್ಕು ಕೂತಿತ್ತು. ನಾಲ್ಕು ಜನರ ನಡುವೆ ಅವಳು ನಿಂತ ಫೋಟೋ ಅಂತ ಇದ್ದದ್ದು ಒಂದೇ, ಮದುವೆಯದು. ಅದು ಹಣಕೋಣದ ಮನೆಯ ಗೋಡೆಯ ಮೇಲೆ ಉಳಿಯಿತು. ಗಂಡನನ್ನು ಬಿಟ್ಟು ಚೀಲ ಹಿಡಿದು ಹೊರಟ ದಿನ ಅದನ್ನು ಕಿತ್ತುಕೊಂಡು ಬರಲು ಅವಳಿಗೇನೂ ಹುಚ್ಚು ಹಿಡಿದಿರಲಿಲ್ಲ. ಇನ್ನು ಅಂಕೋಲೆಯ ತವರೆಂದರೆ, ಅಣ್ಣ ಇದ್ದದ್ದನ್ನು ಮಾರಿ ಹುಬ್ಬಳ್ಳಿಗೆ ಹೋದಮೇಲೆ ಅದು ಬಸ್ಸಿನ ಕಿಟಕಿಯಲ್ಲಿ ನೋಡುವ ಊರಾಗಿತ್ತು. ಇದ್ದ ಒಂದು ಶಾಲೆಯೂ ಬೇಸಿಗೆಗೆ ಮುಚ್ಚಿಹೋಗುವುದಿತ್ತು. ಆಮೇಲೆ ಘಟ್ಟದ ಮೇಲೆ ಯಾವ ಮೂಲೆಗೆ ವರ್ಗವೋ, ಬಳಗ ಎಲ್ಲಿಯೋ ತಾನೆಲ್ಲಿಯೋ. ಹೋಗುವ ಮುಂಚೆ ಯಾವುದಾದರೂ ಒಂದು ಗುಂಪಿನ ನಡುವೆ, ಅಂಚಿನಲ್ಲಾದರೂ ಸರಿ, ತನ್ನ ಮುಖ ಇರಬೇಕು. ಇವಳು ನಮ್ಮವಳು ಅಂತ ಒಂದು ಕಾಗದದ ಮೇಲಾದರೂ ಇರಬೇಡವೇ.

ಬಸ್ಸು ಬಿಣಗಾ ದಾಟಿ ಚೆಂಡಿಯಾದ ಕಡೆ ಹೊರಳಿದಾಗ ಅವಳು ಅಭ್ಯಾಸದಂತೆ ಇಳಿಯಲು ಎದ್ದು, ನಾಚಿ ಮತ್ತೆ ಕೂತಳು. ಕಿಟಕಿಯಾಚೆ ಅವಳ ಶಾಲೆ ಹಾದುಹೋಯಿತು. ಸುತ್ತಲಿನ ಮನೆಗಳ ಹಂಚು ತೆಗೆದಾಗಿತ್ತು, ಬರಿಯ ಗೋಡೆಗಳು. ನೇವಿಗೆ ಜಾಗ ಹೋದಮೇಲೆ ಒಂದೊಂದೇ ಮನೆ ಎದ್ದು ತೋಡೂರಿನ ಕಾಲೊನಿಗೆ ಹೋಗಿತ್ತು, ಮಕ್ಕಳೂ ಅವರ ಬೆನ್ನಿಗೇ. ಹೋಗುವ ಮೊದಲು ಒಂದೊಂದು ಮಗುವೂ ಬಂದು, ಅಕ್ಕೋರೆ ನಾಳೆಯಿಂದ ಬರೂದಿಲ್ಲ, ಎಂದು ಹೇಳಿ ಹೋಗಿತ್ತು. ನಾಗಿಯ ಮಗಳಂತೂ ಅಷ್ಟು ಹೇಳಿ ಬಾಗಿಲು ದಾಟಿದವಳು ಮತ್ತೆ ತಿರುಗಿ ಬಂದು ಇನ್ನೊಮ್ಮೆ ಹೇಳಿ ಹೋಗಿದ್ದಳು. ಮೂಗಿನಲ್ಲಿ ಸಿಂಬಳ ಸುರಿಯುವ ಮಗುವಿಗೆ ಅಷ್ಟು ರೀತಿ ಗೊತ್ತು. ಸುಮಿತಾ ಅಕ್ಕೋರಿಗೆ ಗೊತ್ತಿರಲಿಲ್ಲ. ಮಹಿಳಾ ವಿಭಾಗದ ಮುಖ್ಯಸ್ಥೆ, ಹಬ್ಬುವಾಡದಲ್ಲಿ ಅವಳ ಕೋಣೆಯಿಂದ ಕೂಗಿದರೆ ಕೇಳುವಷ್ಟು ದೂರದ ಮನೆ, ಬೆಳಿಗ್ಗೆ ಜೀಪು ಮಾಡಿಕೊಂಡು ಹೆಂಗಸರನ್ನೆಲ್ಲ ಹತ್ತಿಸಿಕೊಂಡು ಹೋದವರು ಇವಳ ಬಾಗಿಲು ತಟ್ಟಿರಲಿಲ್ಲ. ಹೋದ ವಾರ ಒಮ್ಮೆ ಬಂದಿದ್ದರು, ಹೊಸಿಲ ಹೊರಗೇ ನಿಂತು, ‘ಆರಾಮ ಇದ್ದ್ರಿ ಅಲ್ಲ ಗೋದಾವರಿ ಬಾಯಿ?’ ಎಂದು ಕೇಳಿ, ಒಳಗೆ ಬನ್ನಿ ಅನ್ನುವಷ್ಟರಲ್ಲಿ ಹೊರಟೇಹೋಗಿದ್ದರು. ಆರಾಮ ಇರದೆ ಏನಾಗಿದೆ ತನಗೆ? ಜೀಪಿನಲ್ಲಿ ಜಾಗ ಇಲ್ಲ ಅನ್ನಲು ಇಷ್ಟು ಪೀಠಿಕೆ ಬೇಕಿತ್ತೇ, ಎಂದುಕೊಂಡಳು. ಬಸ್ಸು ತೋಡೂರು ದಾಟಿತು.

ಬಯಲಿನಲ್ಲಿ ಗಾಳಿಮರಗಳ ನೆರಳಿಗೆ ಕುರ್ಚಿಗಳನ್ನು ಒಂದು ಸಾಲು ಇಟ್ಟು, ಹಿಂದೆ ಒಂದು ಸಾಲು ನಿಲ್ಲಲು ಜಾಗ ಬಿಟ್ಟು, ಅದರ ಹಿಂದೆ ಎತ್ತರಕ್ಕೆ ಶಾಲೆಯ ಬೆಂಚುಗಳನ್ನು ಜೋಡಿಸಿದ್ದರು. ಅಂಕೋಲಾ ಶಾಖೆಯ ಮಧುಕರ ಮಾಸ್ತರು ಕೊರಳಿಗೆ ಡ್ರಿಲ್ಲಿನ ಸೀಟಿ ಕಟ್ಟಿಕೊಂಡು ಗುಂಪುಗಳನ್ನು ಕರೆಯುತ್ತಿದ್ದರು. ಫೋಟೋದ ಅಜಯ ಕಾರವಾರದವನು, ಎಳೆ ಹುಡುಗ, ಬೆವರು ಒರೆಸುತ್ತ, ಒಂದು ಗುಂಪಿಗೆ ಒಂದೇ ಸಲ, ರೀಲು ಖಾಲಿಯಾದರೆ ಮತ್ತೆ ಕಾರವಾರಕ್ಕೆ ಓಡಬೇಕು, ಅಲುಗಬೇಡಿ, ಎಂದು ಎಲ್ಲರನ್ನೂ ಗದರಿಸುತ್ತಿದ್ದ. ಮೊದಲು ಕಾರವಾರ ಶಾಖೆ. ಗೋದಾವರಿ ಸೆರಗು ಸರಿಮಾಡಿಕೊಂಡು, ನೀಲಿ ಬಿಲ್ಲೆ ಕಾಣುವ ಹಾಗೆ ಹೆಗಲು ಮುಂದೆ ಮಾಡಿ, ನಿಂತವರ ಸಾಲಿನ ಕೊನೆಗೆ ಹೋಗಿ ನಿಂತಳು. ಪಕ್ಕದಲ್ಲಿ ಪುಟ್ಟು ಮಾಸ್ತರು. ಹಣಕೋಣದ ಶಾಲೆಯವರು, ಅವಳ ಗಂಡನ ಮನೆಯ ಓಣಿಯಲ್ಲೇ ಇವರ ಮನೆ. ಆದರೂ ಸಭೆಗಳಲ್ಲಿ ಯಾವತ್ತೂ ಆ ಮಾತೆತ್ತದ ಒಳ್ಳೆಯ ಮನುಷ್ಯ, ನಾಲ್ಕು ಜೋಕು ಹೇಳಿ ನಗಿಸುವವರು. ಇವತ್ತು ಅವಳನ್ನು ಕಂಡವರೇ ಬಾಯೊಳಗಿನ ಕವಳ ಉಗುಳಲು ಹೋದವರ ಹಾಗೆ ಸಾಲು ಬಿಟ್ಟು ಆಚೆ ತುದಿಗೆ ಹೋಗಿ ನಿಂತುಬಿಟ್ಟರು. ಸಾಲು ಡೊಂಕಾಯಿತು. ಅಜಯ ಕ್ಯಾಮೆರಾದ ಹಿಂದಿನಿಂದ, ‘ಈ ಬದಿ ಹೆಚ್ಚಾಯ್ತು, ಒಬ್ಬರು ಹೊರಗೆ ಬರಬೇಕು’ ಎಂದ. ಶಾಖೆಯ ಅಧ್ಯಕ್ಷರು ತಿರುಗಿ ನೋಡಿ, ಅವಳ ಮುಖ ಬಿಟ್ಟು ಬಿಲ್ಲೆಗಳನ್ನು ನೋಡಿ, ತುಂಬ ಮೆತ್ತಗೆ, ‘ಅಕ್ಕೋರೆ, ನೀವು ಅಂಕೋಲೆಯವರೇ ಅಲ್ಲವಾ. ಅವರ ಸಂಗಡ ನಿಲ್ಲಿ. ಅಲ್ಲಿ ಚಲೋ ಆಗ್ತದೆ’ ಎಂದರು. ಆ ಮೆತ್ತಗಿನ ದನಿಗೇ ಅವಳ ಮೈ ಉರಿಯಿತು. ಗದರಿಸಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ಕಾಯಿಲೆಯವರನ್ನು ಮಾತಾಡಿಸಿದಂತೆ ಮಾತಾಡಿದರೆ ಏನು ಹೇಳುವುದು? ಅವಳು ಹೊರಗೆ ಬಂದಳು.

ಇರಲಿ, ಅಂಕೋಲೆಯದೇ ಚಲೋ, ಎಂದು ತನಗೆ ತಾನೇ ಹೇಳಿಕೊಂಡಳು. ಎಷ್ಟಂದರೂ ಇವಳ ಬಾಯಲ್ಲಿ ಬರುವುದು ಅಂಕೋಲೆಯ ಮಾತು. ಹಬ್ಬುವಾಡದಲ್ಲಿ ಇವಳು ಬಂದರೆ ಹೆಂಗಸರು ಕೊಂಕಣಿ ನಿಲ್ಲಿಸಿ ಕನ್ನಡ ಸುರುಮಾಡುತ್ತಿದ್ದರು, ಮರ್ಯಾದೆಗೆ. ಆದರೆ ಮಾತು ಬದಲಾಯಿಸುವ ಆ ಒಂದು ಗಳಿಗೆಯ ಮೌನದಲ್ಲಿ ಹೊರಗಿನವಳು ಬಂದಳು ಎಂಬುದು ಗೋಡೆಗೂ ತಿಳಿಯುತ್ತಿತ್ತು. ಹಣಕೋಣದ ಮನೆಯಲ್ಲೂ ಹಾಗೇ. ಸಂಜೆ ಅವಳು ಶಾಲೆ ಮುಗಿಸಿ ಅಂಗಳಕ್ಕೆ ಕಾಲಿಟ್ಟರೆ ಗಂಡ ಬೊಮ್ಮಯ್ಯ ಜಗಲಿಯಿಂದ, ‘ಬಂತು ನೋಡಿ ಸರಕಾರ’ ಎನ್ನುತ್ತಿದ್ದ. ಇಡೀ ಮನೆ ನಗುತ್ತಿತ್ತು. ಕೈ ಮಾಡಿದವನಲ್ಲ, ಕುಡಿದು ಬಂದವನಲ್ಲ. ಊಟಕ್ಕೆ ಕೂತಾಗ ತಾನು ತಿಂದ ಬಂಗುಡೆಯ ಮುಳ್ಳನ್ನು ಒಂದೊಂದಾಗಿ ತೆಗೆದು ಅವಳ ತಾಟಿನ ಅಂಚಿಗೆ ಇಡುತ್ತಿದ್ದ. ತನ್ನ ತಾಟು ಚೊಕ್ಕ ಇರಬೇಕು ಅವನಿಗೆ. ಇದನ್ನು ಹೇಳಿಕೊಂಡರೆ ಯಾರಾದರೂ ಕಾರಣ ಅನ್ನುತ್ತಾರೆಯೇ? ಮುಳ್ಳಿಗಾಗಿ ಗಂಡನನ್ನು ಬಿಟ್ಟವಳು ಎಂದು ನಕ್ಕಾರು. ಹಾಗಾಗಿ ಅವಳು ಯಾರಿಗೂ ಹೇಳಿರಲಿಲ್ಲ, ಎಂಟು ವರ್ಷವಾದರೂ ಉಣ್ಣುವ ಮೊದಲು ತಾಟಿನ ಅಂಚನ್ನು ಬೆರಳಿನಿಂದ ಒರೆಸಿಕೊಳ್ಳುತ್ತಿದ್ದಳು. ಸೀಟಿ ಕೇಳಿತು. ಅಂಕೋಲಾ ಶಾಖೆಯವರು ಬನ್ನಿ, ಎಂದು ಮಧುಕರ ಮಾಸ್ತರು ಕೂಗಿದರು.

ಈ ಸಲ ಅವಳು ಎಲ್ಲರಿಗಿಂತ ಮೊದಲೇ ಹೋಗಿ ಸಾಲಿನ ನಡುವೆ ನಿಂತಳು, ನಡುವಿನಿಂದ ಯಾರು ಕೀಳುತ್ತಾರೆ ನೋಡುವಾ ಎಂದು. ಸುತ್ತ ಜನ ತುಂಬಿದರು. ತುಂಬಿದವರು ತಮ್ಮ ತಮ್ಮೊಳಗೆ ಮಾತಾಡುತ್ತಿದ್ದವರು ಅವಳ ಹತ್ತಿರ ಬಂದೊಡನೆ ಸುಮ್ಮನಾದರು. ಇವಳ ಎಡಕ್ಕೂ ಬಲಕ್ಕೂ ಒಂದೊಂದು ಮೊಳ ಜಾಗ ಹಾಗೇ ಉಳಿಯಿತು. ಮಧುಕರ ಮಾಸ್ತರು ಬಂದು ಸೀಟಿಯ ದಾರ ಬೆರಳಿಗೆ ಸುತ್ತುತ್ತ ನಿಂತರು.

‘ಗೋದಾವರಿ ಅಕ್ಕೋರೆ, ಊಟ ಆಯ್ತಾ?’

‘ಗಂಟೆ ಹನ್ನೊಂದೂ ಆಗ್ಲಿಲ್ಲ ಮಾಸ್ತರೆ. ಎಂತ ಊಟ?’

‘ಅಲ್ಲ, ಚಾ-ಪಾ ಏನಾದ್ರೂ. ಬಿಸಿಲು ಬೇರೆ. ನೀವು ಹೋಗಿ ಒಳಗೆ ಕೂತ್ಕಳಿ ಬೇಕಾದ್ರೆ.’

‘ಫೋಟೋ ಆಗ್ಲಿ, ಕೂತ್ಕಳ್ತೆ.’

ಮಾಸ್ತರು ಅತ್ತಿತ್ತ ನೋಡಿದರು. ಯಾರಾದರೂ ತನ್ನ ಬದಲು ಮಾತಾಡಲಿ ಎಂದು ಕಾದ ಹಾಗಿತ್ತು. ಆಮೇಲೆ, ‘ನಿಮ್ಮ ಕೆಲಸ ಕಾರವಾರ ತಾಲೂಕಿನದಲ್ಲ? ನಿಯಮ ಹಾಗೇ ಅದೆ. ಮತ್ತೆ ಹೆಂಗಸರದ್ದು ಬೇರೆ ಫೋಟೋ ಅದೆ. ಅವರ ಸಂಗಡ ನಿಲ್ಲಿ’ ಎಂದರು. ಇವರ ಮಗಳು ನಾಗಶ್ರೀಯ ಮದುವೆಗೆ ಎರಡು ದಿನ ಮೊದಲೇ ಬಂದು ಸೊಂಟ ಬೀಳುವಷ್ಟು ತೆಂಗಿನಕಾಯಿ ತುರಿದಾಗ ನಿಯಮ ಇರಲಿಲ್ಲ. ಆಗ, ನಮ್ಮೂರ ಹುಡುಗಿ, ನಮ್ಮ ಗೋದಾವರಿ. ಸುತ್ತ ನಿಂತವರಲ್ಲಿ ಒಬ್ಬರೂ ಅವಳ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಒಬ್ಬಳಾದರೂ ಅಯ್ಯೋ ಇರಲಿ ಬಿಡಿ ಮಾಸ್ತರೆ ಅನ್ನಬಹುದಿತ್ತು. ಹೊರಗೆ ಬರುವಾಗ ಅವಳು ಬೇಕೆಂದೇ ಒಬ್ಬರ ಕಾಲು ತುಳಿದಳು. ಆ ಮನುಷ್ಯ, ಪಾಪ, ಅವಳ ಬಳಿಯೇ ಕ್ಷಮೆ ಕೇಳಿದ.

ನಾಟಕದವರದು ಗಾಳಿಮರದ ಇನ್ನೊಂದು ಬದಿಗೆ, ಬಣ್ಣ ಹಚ್ಚಿಕೊಂಡು ಕಿರೀಟ ಇಟ್ಟುಕೊಂಡು. ರಾತ್ರಿಯ ಆಟದ ರಾಜ ಸಾಯಿನಾಥ ಮಾಸ್ತರು, ನಿರ್ದೇಶಕರೂ ಅವರೇ. ಎಷ್ಟು ವರ್ಷದಿಂದ ಅವಳು ಅವರ ಮಾತು ಎತ್ತಿಕೊಟ್ಟಿದ್ದಾಳೋ. ರಾಜನ ಮಾತೂ ಅವಳದೇ, ದಾಸಿಯ ಮಾತೂ ಅವಳದೇ, ಸಾಯುವವನ ಕೊನೆಯ ಮಾತೂ ಮೊದಲು ಅವಳ ಬಾಯಿಂದಲೇ ಬರಬೇಕು; ಚಪ್ಪಾಳೆಯ ಹೊತ್ತಿಗೆ ಮಾತ್ರ ಪರದೆ ಅವಳ ಮೂಗಿನ ಮುಂದೆ ಬೀಳುವುದು. ಇವರಾದರೂ ಕರೆದರು. ‘ಬನ್ನಿ ಬನ್ನಿ, ನೀವಿಲ್ಲದೆ ನಮ್ಮದೇನು ನಡೀತದೆ’ ಎಂದು ರಾಜನ ದನಿಯಲ್ಲೇ ಕರೆದು, ಅವಳು ಓಡಿ ಹೋದರೆ, ಹಿಂದೆ ಕಟ್ಟಿದ ಅರಮನೆಯ ಪರದೆ ಗಾಳಿಗೆ ಹಾರುತ್ತದೆ, ಒಂದು ತುದಿ ಹಿಡಿದುಕೊಳ್ಳಿ ಎಂದರು. ಅವಳು ಹಿಡಿದುಕೊಂಡಳು. ತಾನು ಎಂಥ ಪೆದ್ದಿ ಎಂದು ಹಿಡಿದ ಮೇಲೆ ಹೊಳೆಯಿತು. ಪರದೆಯ ಹಿಂದೆ ಸೀಮೆಎಣ್ಣೆಯ ಬಣ್ಣದ ವಾಸನೆ, ಕತ್ತಲೆ. ಮುಂದೆ ಅಜಯ, ‘ಆ ಬೆರಳು ಕಾಣ್ತದೆ, ಸ್ವಲ್ಪ ಒಳಗೆ ತಗೊಳ್ಳಿ’ ಎಂದ. ಅವಳು ಬೆರಳುಗಳನ್ನು ಒಳಗೆ ತೆಗೆದುಕೊಳ್ಳಲಿಲ್ಲ. ನಾಲ್ಕೂ ಬೆರಳು ಚಾಚಿ ಗಟ್ಟಿಯಾಗಿ ಹಿಡಿದುಕೊಂಡಳು, ಉಂಗುರದ ಬೆರಳು ಎಲ್ಲಕ್ಕಿಂತ ಹೊರಗೆ. ಬರಲಿ, ಬೆರಳಾದರೂ ಬರಲಿ.

ಕೈಯಲ್ಲಿ ಪರದೆಯ ನೀಲಿ ಬಣ್ಣ ಹತ್ತಿತ್ತು. ಅದನ್ನು ಉಜ್ಜಿಕೊಳ್ಳುತ್ತ ಬಯಲು ದಾಟುವಾಗ ಯಾಕೋ ಬೊಮ್ಮಯ್ಯನ ಕೈ ನೆನಪಾಯಿತು. ಹೋದ ತಿಂಗಳು ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದ. ಎಂಟು ವರ್ಷದಲ್ಲಿ ಅಷ್ಟು ಹತ್ತಿರದಿಂದ ಕಂಡದ್ದು ಅದೇ. ಮುಖ ಇಳಿದು, ಅಂಗಿ ಮೈಮೇಲೆ ತೂಗುಹಾಕಿದಂತಿತ್ತು. ಅವನು ಕೈ ಎತ್ತಿದ. ಅವಳ ಹಿಂದೆ ಹಣಕೋಣದ ಬಸ್ಸು ಹೊರಡುತ್ತಿತ್ತು. ಬಸ್ಸಿಗೆ ಕೈ ಎತ್ತಿದ ಎಂದು ನಿರ್ಧರಿಸಿ ಅವಳು ಮುಖ ತಿರುಗಿಸಿ ಹಣ್ಣಿನ ಗಾಡಿಯ ಮುಂದೆ ಬಾಗಿ ಬೇಡದ ಪೇರಲೆ ಆರಿಸಿದ್ದಳು. ಬಸ್ಸು ಹೋದಮೇಲೆ ತಿರುಗಿದರೆ ಅವನಿರಲಿಲ್ಲ. ಹತ್ತಿದನೋ, ನಡೆದು ಹೋದನೋ. ಸಂಜೆ ಪೇರಲೆ ಕೊಯ್ದರೆ ಒಳಗೆ ಹುಳ. ಥೂ, ಇವತ್ತಿನ ದಿನ ಆ ಮನುಷ್ಯ ಯಾಕೆ ನೆನಪಾಗಬೇಕು, ಎಂದು ಅವಳು ಶಾಲೆಯ ಮೆಟ್ಟಿಲು ಹತ್ತಿದಳು.

ಉಳಿದದ್ದು ಒಂದೇ ಗುಂಪು. ಏಳನೇ ಇಯತ್ತೆಯ ದೊಡ್ಡ ಕೋಣೆಯಲ್ಲಿ ಜಮಖಾನೆ ಹಾಸಿ ಅಕ್ಕೋರುಗಳು ಸಾಲಾಗಿ ಕೂತಿದ್ದರು, ಎಲ್ಲರೂ ಠರಾವಿನ ಪ್ರಕಾರ ಗಿಳಿಹಸಿರು ಸೀರೆ, ಕೆಂಪು ಅಂಚು. ಗೋದಾವರಿಯದೂ ಅದೇ ಸೀರೆ. ಸಂಕ್ರಾಂತಿ ಕಳೆದು ರಥಸಪ್ತಮಿಯೊಳಗೆ ಹಳದಿ-ಕುಂಕುಮ ಮಾಡಿ, ಎಳ್ಳುಂಡೆ ಕೊಟ್ಟು, ಹೂ ಮುಡಿದ ಮೇಲೆಯೇ ಮಹಿಳಾ ವಿಭಾಗದ ಫೋಟೋ ಎಂದು ಸುಮಿತಾ ಅಕ್ಕೋರು ಹಟ ಹಿಡಿದಿದ್ದರು. ಹೆಂಗಸರೆಲ್ಲ ತುಂಬಿದ ಹಣೆಯಲ್ಲಿ ಕಾಣಬೇಕು. ಪಕ್ಕದ ಸಾಮಾನಿನ ಕೋಣೆಯ ಬಾಗಿಲಲ್ಲಿ ವಿದ್ಯಾ ನಿಂಬೆಹಣ್ಣು ಹಿಂಡುತ್ತಿದ್ದಳು. ಚಿಕ್ಕ ಪ್ರಾಯದವಳು, ಮದುವೆಯಾಗಿ ಎರಡು ವರ್ಷಕ್ಕೇ ಗಂಡನನ್ನು ಕಳೆದುಕೊಂಡವಳು. ಅವಳಿಗೂ ಹಸಿರು ಸೀರೆ ಕೊಡಿಸಿದ್ದರು, ಹಳದಿ-ಕುಂಕುಮದ ಹೊತ್ತಿಗೆ ಮಾತ್ರ ಏನಾದರೊಂದು ಕೆಲಸ ಹಚ್ಚಿ ಒಳಗೆ ಕಳಿಸುತ್ತಿದ್ದರು. ಪ್ರತಿವರ್ಷ ಗೋದಾವರಿ ಅದನ್ನು ಕಂಡಿದ್ದಳು. ಕಂಡು, ಸದ್ಯ ತನ್ನನ್ನು ಕಳಿಸಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿ, ಆ ಹಿಗ್ಗಿಗೆ ನಾಚಿ, ಮತ್ತೆ ಹಣೆ ಮುಂದೆ ಮಾಡಿದ್ದಳು. ಈಗಲೂ ಸಾಲಿನ ನಡುವೆ ಜಾಗ ಮಾಡಿಕೊಂಡು ಕೂತಳು.

ಸುಮಿತಾ ಅಕ್ಕೋರು ಬೆಳ್ಳಿಯ ಕರಂಡಕ ಹಿಡಿದು, ಒಬ್ಬೊಬ್ಬರ ಮುಂದೆಯೂ ಬಾಗಿ ಹಳದಿ, ಕುಂಕುಮ ಇಡುತ್ತ, ನಗುತ್ತ ಬರುತ್ತಿದ್ದರು. ಪಕ್ಕದವಳ ಹಣೆ ಮುಗಿಯಿತು. ಉಂಗುರದ ಬೆರಳು ಕುಂಕುಮದಲ್ಲಿ ಅದ್ದಿ, ಗೋದಾವರಿಯ ಕಡೆ ತಿರುಗಿ, ಹಣೆಯವರೆಗೆ ಬಂದ ಕೈ ಅಲ್ಲಿ ನಿಂತಿತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತಣ್ಣನೆಯ ಬೆರಳು ತಾಗುವುದನ್ನು ಕಾಯುತ್ತಿದ್ದಳು, ತಾಗಲಿಲ್ಲ. ಕಣ್ಣು ತೆರೆದರೆ ಬೆರಳು ಹಣೆಯ ಮುಂದೆ ಗಾಳಿಯಲ್ಲಿತ್ತು, ಬೆರಳಿನ ತುದಿಯಿಂದ ಒಂದು ಚೂರು ಕುಂಕುಮ ಅವಳ ಮೂಗಿನ ಮೇಲೆ ಉದುರಿತು. ಸುಮಿತಾ ಅಕ್ಕೋರ ಮುಖ ಬಿಳುಪೇರಿತ್ತು. ಅವರು ಸೀರೆಯ ನೆರಿಗೆ ಎತ್ತಿಕೊಂಡು, ಅವಳನ್ನು ದಾಟಿ ಆಚೆಯವಳ ಮುಂದೆ ಬಾಗಿದರು.

ಅವಳು ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ. ಬೆಳಗಿನಿಂದ ನುಂಗಿಕೊಂಡದ್ದು ದನಿಯಾಗಿ ಹೊರಬಂತು, ಪರದೆಯ ಹಿಂದಿನ ದನಿಯಲ್ಲ, ಹೊರಗಿನ ಬಯಲಿಗೆ ಕೇಳುವ ದನಿ. ‘ಕೈ ಎಂತಕೆ ನಿಂತ್ತು ಸುಮಿತಾ ಅಕ್ಕೋರೆ? ಎಲ್ಲರೆದುರಿಗೆ ಹೇಳಿ. ಗಂಡನ್ನ ಬಿಟ್ಟವಳು ಅಂತ್ಲಾ? ಇಷ್ಟು ವರ್ಷ ನಾ ಹುರದ ಎಳ್ಳು ತಿಂಬೂಕೆ ಆಗ್ತಿತ್ತು, ನನ್ನ ಹಣೆ ಮುಟ್ಟೂಕೆ ಮಾತ್ರ ಇವತ್ತು ಆಗೂದಿಲ್ಲ. ನನ್ನ ಗಂಡ ಹಣಕೋಣದಲ್ಲಿ ಗಟ್ಟಿಮುಟ್ಟಾಗಿ ಇದ್ದಾನೆ. ಎರಡು ಹೊತ್ತೂ ಮೀನು ತಿಂದ್ಕಂಡು ಜಗಲಿ ಮೇಲೆ ಕೂತಿದ್ದಾನೆ. ಅವ ಇರೂವರೆಗೆ ನನ್ನ ಕುಂಕುಮ ಅಳಿಸೂಕೆ ನೀವ್ಯಾರು?’

ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಸುಮಿತಾ ಅಕ್ಕೋರು ಕೈಯಲ್ಲಿ ಕರಂಡಕ ಹಿಡಿದು ನೆಲಕ್ಕೇ ಕೂತರು. ತನ್ನ ಮಾತು ನಾಟಿತು ಎಂದುಕೊಂಡಳು ಗೋದಾವರಿ, ಚೆನ್ನಾಗಿಯೇ ನಾಟಿತು. ಆದರೆ ಆ ಮುಖಗಳಲ್ಲಿ ನಾಚಿಕೆಯೊಂದೇ ಇರಲಿಲ್ಲ, ಬೇರೇನೋ ಇತ್ತು. ಸಾಮಾನಿನ ಕೋಣೆಯಿಂದ ವಿದ್ಯಾ ಬಂದಳು. ನಿಂಬೆಯ ಕೈಯನ್ನು ಸೀರೆಗೆ ಒರೆಸಿಕೊಂಡು, ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಸಕ್ಕರೆಯ ಚೀಲದ ಮೇಲೆ ಕೂರಿಸಿದಳು.

‘ಗೋದಕ್ಕ, ನಿಮಗೆ ಗೊತ್ತೇ ಇಲ್ಲಲ್ಲ?’

‘ಎಂತದು?’

‘ಅವರು ಹೋದ್ರು. ಬೊಮ್ಮಯ್ಯನವರು. ಸಂಕ್ರಾಂತಿಗಿಂತ ಮೊದಲೇ. ದಿನ-ಕರ್ಮ ಎಲ್ಲ ಮುಗಿದು ಹೋಯ್ತು. ಪುಟ್ಟು ಮಾಸ್ತರು ಮಣ್ಣಿಗೆ ಹೋಗಿ ಬಂದು ಎಲ್ಲರಿಗೂ ಹೇಳಿದ್ರು.’ ವಿದ್ಯಾ ಮತ್ತೆ ಹೇಳಿದಳು, ‘ನಿಮಗೆ ಗೊತ್ತದೆ ಅಂತ್ಲೇ ನಾನೂ ತಿಳದಿದ್ದೆ. ಗೊತ್ತಿದ್ದೂ ಕುಂಕುಮ ಇಟ್ಕಂಡು ಬಂದಿದ್ರಿ, ಗಟ್ಟಿ ಹೆಂಗಸು ಅಂತ. ಈಗ ನಿಮ್ಮ ಮಾತು ಕೇಳಿದ ಮೇಲೇ ನಂಗೆ ತಿಳದದ್ದು.’

ಹೊರಗೆ ಯಾರೋ ಎಳ್ಳುಂಡೆಯ ಡಬ್ಬಿ ಮುಚ್ಚಿದ ಸದ್ದಾಯಿತು. ಗೋದಾವರಿ ತನ್ನ ಕೈ ನೋಡಿಕೊಂಡಳು, ನೀಲಿ ಬಣ್ಣ ಇನ್ನೂ ಇತ್ತು. ಅಳು ಬರಬೇಕು, ಇಂಥ ಹೊತ್ತಿನಲ್ಲಿ ಬರುತ್ತದೆ ಎಂದು ಕಾದಳು. ಬಂದದ್ದು ಎತ್ತಿದ ಒಂದು ಕೈ, ಹುಳ ಹಿಡಿದ ಪೇರಲೆ. ಬಸ್ಸಿಗಲ್ಲ ಅದು. ಬಸ್ಸಿಗೆ ಕೈ ಮಾಡುವವ ಬಸ್ಸಿನ ಕಡೆ ನೋಡುತ್ತಾನೆ. ಅವತ್ತೇ ಹೇಳಲು ಬಂದಿದ್ದನೋ, ಕಾಯಿಲೆ ಎಂದು, ಅಥವಾ ‘ಬಂತು ಸರಕಾರ’ ಎಂದು ಇನ್ನೊಮ್ಮೆ ನಗಲು ಬಂದಿದ್ದನೋ, ಇನ್ನು ಯಾರನ್ನು ಕೇಳುವುದು? ಎರಡು ಹೊತ್ತೂ ಮೀನು ತಿಂದುಕೊಂಡು ಇದ್ದಾನೆ ಎಂದು ತಾನು ಕೂಗಿ ಹೇಳುವಾಗ ಇಡೀ ಕೋಣೆಗೆ ಗೊತ್ತಿತ್ತು. ಇಡೀ ಬಯಲಿಗೆ ಗೊತ್ತಿತ್ತು. ಕಾಲು ತುಳಿದರೆ ಕ್ಷಮೆ ಕೇಳಿದವನಿಗೂ ಗೊತ್ತಿತ್ತು. ಅವಳು ಎದ್ದು ಹೊರಗೆ ಹೋದಳು.

‘ಸುಮಿತಾ ಅಕ್ಕೋರೆ, ನನ್ನ ಬಾಗಿಲವರೆಗೆ ಬಂದಿದ್ರಿ. ಎಂತಕೆ ಹೇಳಲಿಲ್ಲ?’

ಸುಮಿತಾ ಅಕ್ಕೋರು ಅಳುತ್ತಿದ್ದರು. ‘ದೇವರಾಣೆ ಗೋದಾವರಿ ಬಾಯಿ, ನಿಮ್ಮ ಅಂಕೋಲೆಯವರು ಹೇಳಿರ್ತಾರೆ ಅಂದ್ಕೊಂಡೆ. ನಿಮ್ಮ ಊರವರಲ್ವಾ. ಮಾತಾಡಿಸೋಣ ಅಂತ ಬಂದೆ, ನಿಮ್ಮ ಹಣೆ ನೋಡಿ ಬಾಯಿ ಬರಲಿಲ್ಲ.’

ಅವಳು ಮೆಟ್ಟಿಲಿಳಿದು ಮಧುಕರ ಮಾಸ್ತರ ಎದುರಿಗೆ ಹೋಗಿ ನಿಂತು ಅದನ್ನೇ ಕೇಳಿದಳು. ಕಾರವಾರದವರು ಹೇಳಿರಬೇಕು ಅಂದ್ಕಂಡೆ, ನೀವು ಇರೂದು ಅಲ್ಲೇ ಅಲ್ಲನ, ಎಂದರು ಮಾಸ್ತರು, ಸೀಟಿ ಕೈಯಲ್ಲಿ ಮುಚ್ಚಿ. ಕಾರವಾರದ ಅಧ್ಯಕ್ಷರು, ಹೆಂಗಸರ ವಿಷಯ, ಮಹಿಳಾ ವಿಭಾಗದವರು ಹೇಳುವುದು ಚಲೋ ಎಂದು ಬಿಟ್ಟೆವು ಎಂದರು. ಸಾಯಿನಾಥ ಮಾಸ್ತರು ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ರಾತ್ರಿಯ ಆಟ ಮುಗಿಯಲಿ ಆಮೇಲೆ ಹೇಳುವಾ ಎಂದಿದ್ದೆ, ನೀವಿಲ್ಲದೆ ಆಟ ನಡೆಯುವುದಿಲ್ಲವಲ್ಲ, ಎಂದರು. ಪುಟ್ಟು ಮಾಸ್ತರೊಬ್ಬರೇ ಬೇರೆಯವರ ಮೇಲೆ ಹಾಕಲಿಲ್ಲ. ತಲೆ ತಗ್ಗಿಸಿ, ‘ಬೊಮ್ಮಯ್ಯನವರ ಮನೆಯವರು ನಿಮಗೆ ಹೇಳೂದು ಬೇಡ ಅಂದಿದ್ರು ಅಕ್ಕೋರೆ. ನಾ ಇವರಿಗೆಲ್ಲ ಹೇಳಿದೆ. ಒಬ್ಬರಾದ್ರೂ ನಿಮಗೆ ಮುಟ್ಟಿಸ್ತಾರೆ ಅಂತ’ ಎಂದರು. ಎಲ್ಲರ ದನಿಯೂ ಮೆತ್ತಗಿತ್ತು. ಎಲ್ಲರಿಗೂ ಅವಳ ಮೇಲೆ ಕನಿಕರ ಇತ್ತು, ಸುಳ್ಳಲ್ಲದ ಕನಿಕರ. ಸುಳ್ಳಾಗಿದ್ದರೆ ಅವಳಿಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಚೆಂಡಿಯಾದ ಸಿಂಬಳದ ಮಗುವೊಂದು ಇವರಲ್ಲಿ ಇದ್ದಿದ್ದರೆ ಸಾಕಿತ್ತು.

ಬಾವಿಕಟ್ಟೆಯ ಪಕ್ಕದ ನಲ್ಲಿಗೆ ಅವಳು ಹೋಗುವುದನ್ನು ಬಯಲೆಲ್ಲ ನೋಡಿತು. ಹೆಂಗಸರು ಮೆಟ್ಟಿಲ ಮೇಲೆ ಗುಂಪುಗೂಡಿದರು. ಏನನ್ನು ಕಾಯುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ನೀರು, ಹಣೆ, ಅದಾದಮೇಲೆ ಎಲ್ಲರೂ ಬಂದು ತಬ್ಬಿಕೊಂಡು ಅತ್ತು, ಒಂದು ಗುಂಪು ತಾನೇತಾನಾಗಿ ಸಿಕ್ಕೀತು, ವಿದ್ಯಾಳ ಸಂಗಡ ಸಾಮಾನಿನ ಕೋಣೆಯ ಗುಂಪು. ಅವಳು ನಲ್ಲಿ ತಿರುಗಿಸಿದಳು. ಕೈಯ ನೀಲಿ ಬಣ್ಣವನ್ನು ಉಗುರಿನ ಸಂದಿಯವರೆಗೂ ತಿಕ್ಕಿ ತೊಳೆದಳು, ಬೊಗಸೆಯಲ್ಲಿ ನೀರು ಹಿಡಿದು ಕುಡಿದಳು, ಮೂಗಿನ ಮೇಲೆ ಉದುರಿದ ಕುಂಕುಮದ ಚೂರು ಒರೆಸಿದಳು. ಹಣೆಯದನ್ನು ಮುಟ್ಟಲಿಲ್ಲ. ಬೊಮ್ಮಯ್ಯ ಇಟ್ಟದ್ದಲ್ಲ ಅದು. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ತಾನೇ ಇಟ್ಟುಕೊಂಡದ್ದು. ಅಳಿಸುವ ದಿನ ಯಾವುದೆಂದು, ಅಂಥ ದಿನ ಒಂದಿದ್ದರೆ, ಅದನ್ನೂ ತಾನೇ ನೋಡಿಕೊಳ್ಳುತ್ತಾಳೆ. ಆಮೇಲೆ ನಾಲ್ಕು ಬಿಲ್ಲೆಗಳನ್ನೂ ಒಂದೊಂದಾಗಿ ಬಿಚ್ಚಿ ನಲ್ಲಿಯ ಕಟ್ಟೆಯ ಮೇಲೆ ಇಟ್ಟಳು.

ಅಜಯನಿಗೆ ಇದೊಂದೂ ತಿಳಿಯದು. ಅವನು ಗಡಿಯಾರ ನೋಡಿ, ರೀಲಿನಲ್ಲಿ ಉಳಿದದ್ದು ಒಂದೇ, ಹೆಂಗಸರದು ಹೊಸ ರೀಲು ತಂದಮೇಲೆ, ಇಡೀ ಬಳಗದ ಫೋಟೋ ಈಗಲೇ ಆಗಬೇಕು, ಬಿಸಿಲು ನೆತ್ತಿಗೆ ಬಂತು, ಎಂದು ಕೂಗುತ್ತಿದ್ದ. ಯಾರೂ ಅಲುಗಲಿಲ್ಲ. ಗೋದಾವರಿ ನೇರ ಬಂದಳು. ಕುರ್ಚಿಗಳ ಸಾಲಿನ ನಡುವೆ, ಬಳಗದ ಅಧ್ಯಕ್ಷರಿಗೆಂದು ಬಿಳಿ ಪಂಚೆ ಹೊದಿಸಿ ಇಟ್ಟ ತೋಳಿನ ಕುರ್ಚಿ ಇತ್ತು. ಅದರಲ್ಲಿ ಕೂತು, ಸೆರಗು ಹೊದ್ದು, ಕೈ ಎರಡೂ ತೋಳಿನ ಮೇಲೆ ಇಟ್ಟಳು. ‘ವಿದ್ಯಾ, ನಿಂಬೆಹಣ್ಣು ಸಾಕು. ಬಾ ಇಲ್ಲಿ’ ಎಂದು ಪಕ್ಕದ ಕುರ್ಚಿ ತಟ್ಟಿದಳು. ವಿದ್ಯಾ ಬಾಗಿಲಲ್ಲಿ ನಿಂತು ಸುಮಿತಾ ಅಕ್ಕೋರ ಮುಖ ನೋಡಿದಳು, ಹೆಂಗಸರ ಮುಖ ನೋಡಿದಳು, ಆಮೇಲೆ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಬಂದು ಕೂತಳು. ಅವಳ ಕೈಗೆ ನಿಂಬೆಯ ವಾಸನೆ ಇತ್ತು.

ಬಳಗದ ಅಧ್ಯಕ್ಷರು ಊರುಗೋಲು ಹಿಡಿದು ಬಂದು ತಮ್ಮ ಕುರ್ಚಿಯ ಮುಂದೆ ನಿಂತರು, ಕೆಮ್ಮಿದರು. ಮಧುಕರ ಮಾಸ್ತರು ಬಾಗಿ, ಎಲ್ಲಕ್ಕಿಂತ ಮೆತ್ತಗಿನ ದನಿಯಲ್ಲಿ ಕೇಳಿದರು.

‘ಅಕ್ಕೋರೆ, ನೀವು ಯಾರ ಸಂಗಡ ನಿಲ್ತ್ರಿ?’

‘ನಾ ಕೂತಾಯ್ತು ಮಾಸ್ತರೆ,’ ಎಂದಳು ಗೋದಾವರಿ, ಕ್ಯಾಮೆರಾದ ಕಡೆಯೇ ನೋಡುತ್ತ. ‘ನೀವೆಲ್ಲ ಎಲ್ಲೆಲ್ಲಿ ನಿಲ್ತ್ರಿ ನೋಡ್ಕಳಿ.’